ಗೇಣಿದಾರನಿಗೆ ಹೊಲ ಕೊಟ್ಟ ಅರಸು

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲೂಕಿನಲ್ಲಿ ಹರದನಹಳ್ಳಿ ಎಂಬ ಊರಿದೆ. 1996ರಲ್ಲಿ ಈ ಊರಿನ ಹೆಸರು ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಇಲ್ಲಿನ ರೈತ ಕುಟುಂಬವೊಂದರಲ್ಲಿ 1933ರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಆ ವರ್ಷ ಭಾರತದ ಪ್ರಧಾನಿಯಾದರು. ಅದಕ್ಕಿಂತ ಎರಡು ದಶಕಗಳ ಹಿಂದೆ ಅವರು ರಾಜ್ಯದ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. ಆಗ ಅವರ ಎದುರಿನ ಸಾಲಿನಲ್ಲಿ ಕುಳಿತಿದ್ದ ಮುಖ್ಯಮಂತ್ರಿ ಡಿ. ದೇವರಾಜ ಅರಸು. ಇಬ್ಬರೂ ರಾಜಕೀಯದಲ್ಲಿ ಎದುರಾಳಿಗಳು. ಆದರೆ ಇಬ್ಬರೂ ಹಳ್ಳಿಯಿಂದ ಬಂದವರು, ಬೇಸಾಯ ಬಲ್ಲವರು. ಹೊಲದ ಬದುವಿನ ಮೇಲೆ ನಿಂತವನಿಗೂ ಪಹಣಿಯಲ್ಲಿ ಹೆಸರಿರುವವನಿಗೂ ಎಷ್ಟು ಅಂತರವಿದೆ ಎಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಪ್ರಿಯ ಓದುಗರೇ, ಈ ಸಲ ನಿಮ್ಮ ಮುಂದಿಡುತ್ತಿರುವುದು ಆ ಮುಖ್ಯಮಂತ್ರಿಯ ಜೀವನ ವೃತ್ತಾಂತ. ಅವರು ನಮ್ಮ ಧರ್ಮದವರಲ್ಲ, ಧರ್ಮಗುರುವೂ ಅಲ್ಲ. ಅವರ ರಾಜಕೀಯ ಬದುಕಿನಲ್ಲಿ ಮೆಚ್ಚಲಾಗದ ಪುಟಗಳೂ ಇವೆ. ಆದರೂ ಓದಿರಿ. ನಮ್ಮಲ್ಲಿ ಅನೇಕರ ಮನೆಯ ಹೊಲ, ಗದ್ದೆ, ತೋಟಗಳು ಇಂದು ನಮ್ಮ ಹೆಸರಿನಲ್ಲಿರಲು ಅವರ ಕಾಲದ ಕಾಯಿದೆಯೇ ಕಾರಣ. ಪಡೆದ ನ್ಯಾಯವನ್ನು ಮರೆತವನು ಕೊಡಬೇಕಾದ ನ್ಯಾಯವನ್ನೂ ಮರೆಯುತ್ತಾನೆ.

ನೆಲ ಒಬ್ಬನದು, ಬೆವರು ಇನ್ನೊಬ್ಬನದು

ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ನಾಡಿನ ಹಳ್ಳಿಗಳು ಹೇಗಿದ್ದವೆಂದು ಸ್ವಲ್ಪ ನೆನಪಿಸಿಕೊಳ್ಳಿರಿ. ಹಳೆಯ ಮೈಸೂರಿನಲ್ಲಿ ಇನಾಮಿನ ಹಳ್ಳಿಗಳು, ಜೋಡಿ ಗ್ರಾಮಗಳು ಇದ್ದವು. ಇನಾಮ್ದಾರನೋ ಜೋಡಿದಾರನೋ ಎಲ್ಲೋ ಪಟ್ಟಣದಲ್ಲಿರುತ್ತಿದ್ದ. ಸುಗ್ಗಿಯ ಹೊತ್ತಿಗೆ ಕಣಕ್ಕೆ ಬರುತ್ತಿದ್ದ. ಮತ್ತೆ ಕೆಲವೆಡೆ ಹೊಲವನ್ನು ವಾರಕ್ಕೆ ಕೊಡುವ ಪದ್ಧತಿ. ಬೆಳೆದ ರಾಗಿಯಲ್ಲಿ, ಭತ್ತದಲ್ಲಿ ಅರ್ಧ ಪಾಲು ಒಡೆಯನಿಗೆ. ಬಿತ್ತನೆ, ಗೊಬ್ಬರ, ಎತ್ತು, ದುಡಿಮೆ ಎಲ್ಲವೂ ಉಳುವವನದು.

ಕರಾವಳಿಯಲ್ಲಿ ಇದೇ ವ್ಯವಸ್ಥೆ ಗೇಣಿ ಎಂಬ ಹೆಸರಿನಲ್ಲಿ ಬೇರೂರಿತ್ತು. ಮೂಲಗೇಣಿದಾರನಿಗೆ ಶಾಶ್ವತ ಹಕ್ಕು, ಗೊತ್ತಾದ ಗೇಣಿ. ಚಾಲಗೇಣಿದಾರನ ಪಾಡು ಹಾಗಲ್ಲ. ಧಣಿಗೆ ಸಿಟ್ಟು ಬಂದರೆ ಆ ವರ್ಷವೇ ಗದ್ದೆ ಬಿಟ್ಟು ಹೋಗಬೇಕು. ಅಜ್ಜ ನೆಟ್ಟ ತೆಂಗಿನ ಮರದ ಕೆಳಗೆ ಮೊಮ್ಮಗ ಬಿಡಾರ ಹೂಡಿಕೊಂಡಿದ್ದರೂ ಆ ಮರ ಅವನದಲ್ಲ. ಹೆಚ್ಚಿನವರಿಗೆ ಗೇಣಿ ಚೀಟಿ ಇಲ್ಲ, ರಶೀದಿ ಇಲ್ಲ, ಎಲ್ಲವೂ ಬಾಯಿಮಾತು. ಕಾಗದವೇ ಇಲ್ಲದವನು ಯಾವ ಕೋರ್ಟಿಗೆ ಹೋಗಿ ಏನೆಂದು ಹೇಳಬೇಕು?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಕಿಡಿ ಹೊತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆಂಬುದು ಗೇಣಿದಾರರ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜತೆಗೂಡಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆ ಮತ್ತು ತೂಕದಲ್ಲಿ ವಂಚಿಸುವವರ ಬಗ್ಗೆ ಪವಿತ್ರ ಖುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆಯೆಂಬುದನ್ನು ಬಲ್ಲ ನಮಗೆ, ಒಂದು ಕೊಳಗಕ್ಕಾಗಿ ಒಂದು ಊರು ಏಕೆ ಜೈಲಿಗೆ ಹೋಯಿತೆಂಬುದು ಸುಲಭವಾಗಿ ಅರ್ಥವಾಗಬೇಕು.

ಕಲ್ಲಹಳ್ಳಿಯ ಪದವೀಧರ

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಮೈಸೂರು ಜಿಲ್ಲೆಯ ಹುಣಸೂರು ತಾಲೂಕಿನ ಕಲ್ಲಹಳ್ಳಿ ಅವರ ಊರು. ಅರಸು ಜನಾಂಗ ಮೈಸೂರಿನ ರಾಜಮನೆತನಕ್ಕೆ ನೆಂಟಸ್ತಿಕೆ ಇರುವ ಜನಾಂಗ. ಆದರೆ ಸಂಖ್ಯೆಯಲ್ಲಿ ಬಹಳ ಚಿಕ್ಕದು. ಅರಮನೆಯ ನಂಟು ಇದ್ದ ಮಾತ್ರಕ್ಕೆ ಎಲ್ಲರ ಮನೆಯಲ್ಲೂ ಐಶ್ವರ್ಯ ಇರಲಿಲ್ಲ. ಮೈಸೂರಿನಲ್ಲಿ ಅರಸು ಜನಾಂಗದ ಮಕ್ಕಳಿಗಾಗಿ ಇದ್ದ ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದರು. ಅಂದಿನ ದಿನಗಳಲ್ಲಿ ಪದವೀಧರನಿಗೆ ಸರಕಾರಿ ನೌಕರಿ ದೊರೆಯುವುದು ಕಷ್ಟವಿರಲಿಲ್ಲ. ಅವರು ಊರಿಗೆ ಮರಳಿ ಬೇಸಾಯಕ್ಕೆ ಇಳಿದರು.

ಓದುಗರು ಇದನ್ನು ಸಣ್ಣ ಸಂಗತಿಯೆಂದು ಭಾವಿಸಬಾರದು. ಮುಂದೆ ವಿಧಾನಸೌಧದಲ್ಲಿ ಕುಳಿತು ಭೂಮಿಯ ಕಾಯಿದೆ ಮಾಡಿಸಿದವರು ನೇಗಿಲು, ನೊಗ, ಕಂದಾಯ, ಶಾನುಭೋಗರ ಲೆಕ್ಕ ಎಲ್ಲವನ್ನೂ ಕಂಡಿದ್ದರು. ಹಳ್ಳಿಯಲ್ಲಿ ಲೆಕ್ಕ ಬರೆಯುವವನ ಲೇಖನಿಗೆ ಎಂಥ ಶಕ್ತಿಯಿದೆ, ಒಂದು ಸಾಲು ಆಚೀಚೆಯಾದರೆ ಒಂದು ಸಂಸಾರ ಹೇಗೆ ಬೀದಿಗೆ ಬರುತ್ತದೆ ಎಂಬುದು ಅವರಿಗೆ ಊರಿನ ಪಾಠವಾಗಿತ್ತು.

1941ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. ಅನಂತರ ಆ ಕ್ಷೇತ್ರ ಅವರನ್ನು ಮತ್ತೆ ಮತ್ತೆ ಆರಿಸಿತು. ಮಂತ್ರಿಯೂ ಆದರು. ಆದರೆ ಸಂಖ್ಯಾಬಲವಿರುವ ದೊಡ್ಡ ಜಾತಿಗಳ ನಾಯಕರ ನಡುವೆ ಚಿಕ್ಕ ಜನಾಂಗದ ಈ ವ್ಯಕ್ತಿ ಮುಖ್ಯಮಂತ್ರಿಯಾಗಬಹುದೆಂದು ಯಾರೂ ಎಣಿಸಿರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ರಾಜ್ಯದ ಹಿರಿಯ ನಾಯಕರು ಒಂದು ಕಡೆ ನಿಂತರು. ಅರಸು ಇಂದಿರಾ ಗಾಂಧಿಯವರ ಪಕ್ಷವನ್ನು ಕಟ್ಟಲು ಹೊರಟರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳನ್ನೂ ಆ ಪಕ್ಷ ಗೆದ್ದಿತು. 1972ರಲ್ಲಿ ವಿಧಾನಸಭೆಯ 216 ಸ್ಥಾನಗಳಲ್ಲಿ 165 ದೊರೆತವು. ಆ ವರ್ಷದ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅವರ ಆಡಳಿತದಲ್ಲಿ, 1973ರ ನವೆಂಬರ್ 1ರಂದು.

ಕಾಗದದಲ್ಲಿದ್ದ ಕಾಯಿದೆಗೆ ಕೈಕಾಲು ಬಂದದ್ದು

ಭೂಸುಧಾರಣೆ ಅರಸು ಅವರೇ ಮೊದಲು ಕಂಡುಹಿಡಿದ ವಿಷಯವಲ್ಲ. 1954 ಮತ್ತು 1955ರಲ್ಲಿ ಮೈಸೂರಿನಲ್ಲಿ ಇನಾಮುಗಳನ್ನು ರದ್ದುಪಡಿಸುವ ಕಾಯಿದೆಗಳು ಬಂದಿದ್ದವು. ರಾಜ್ಯಗಳ ಏಕೀಕರಣದ ನಂತರ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿ ಗೇಣಿ ಪದ್ಧತಿಯ ಬಗ್ಗೆ ವರದಿ ಕೊಟ್ಟಿತು. 1961ರಲ್ಲಿ ಭೂಸುಧಾರಣಾ ಕಾಯಿದೆ ಅಂಗೀಕಾರವಾಯಿತು. ಅದು ಜಾರಿಗೆ ಬಂದದ್ದು ನಾಲ್ಕು ವರ್ಷಗಳ ನಂತರ, 1965ರ ಅಕ್ಟೋಬರ್ 2ರಂದು. ಆ ನಾಲ್ಕು ವರ್ಷಗಳಲ್ಲಿ ಏನಾಗಿರಬಹುದೆಂದು ಊಹಿಸಿರಿ. ಒಡೆಯರಿಗೆ ಬೇಕಾದಷ್ಟು ಸಮಯ ಸಿಕ್ಕಿತು. ತಾನೇ ಸ್ವಂತ ಬೇಸಾಯ ಮಾಡುತ್ತೇನೆಂದು ಹೇಳಿ ಜಮೀನನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನೂ ಆ ಕಾಯಿದೆ ಒಡೆಯನಿಗೆ ಕೊಟ್ಟಿತ್ತು. ಹೀಗೆ ಗೇಣಿದಾರನ ರಕ್ಷಣೆಗೆಂದು ಬಂದ ಕಾಯಿದೆಯೇ ಅನೇಕ ಗೇಣಿದಾರರನ್ನು ಒಕ್ಕಲೆಬ್ಬಿಸಲು ನೆಪವಾಯಿತು.

ಅರಸು ಸರಕಾರ ಈ ಕಾಯಿದೆಗೆ ಮಾಡಿದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅದರ ತಿರುಳು ಬಹಳ ಸರಳ. ಆ ದಿನದಿಂದ ಗೇಣಿಯಲ್ಲಿರುವ ಎಲ್ಲ ಜಮೀನು ಸರಕಾರಕ್ಕೆ ಸೇರಿತು. ಗೇಣಿ ಕೊಡುವ ಬಾಧ್ಯತೆ ಅಂದಿಗೆ ಮುಗಿಯಿತು. ಗೇಣಿದಾರನು ಅರ್ಜಿ ಹಾಕಿ, ತಾನು ಬೇಸಾಯ ಮಾಡುತ್ತಿದ್ದುದನ್ನು ತೋರಿಸಿದರೆ, ಜಮೀನು ಅವನ ಹೆಸರಿಗೆ ಬರುತ್ತದೆ. ಒಡೆಯನಿಗೆ ನಿಗದಿಪಡಿಸಿದ ಪರಿಹಾರ ಸಿಗುತ್ತದೆ. ಸ್ವಂತ ಬೇಸಾಯದ ನೆಪ ಇನ್ನು ನಡೆಯುವುದಿಲ್ಲ. ಸೈನಿಕರು ಮತ್ತು ನಾವಿಕರನ್ನು ಬಿಟ್ಟರೆ ಬೇರೆಯವರು ಜಮೀನನ್ನು ಗೇಣಿಗೆ ಕೊಡುವಂತೆಯೇ ಇಲ್ಲ.

ಆ ಅರ್ಜಿಯೇ ಹೆಸರಾಂತ ಏಳನೇ ನಂಬರ್ ಫಾರಂ. ದಕ್ಷಿಣ ಕನ್ನಡದ ಹಿರಿಯರು ಈಗಲೂ ಡಿಕ್ಲರೇಶನ್ ಕೊಟ್ಟದ್ದು ಎನ್ನುತ್ತಾರಲ್ಲವೇ, ಅದೇ ಇದು. ಅರ್ಜಿಯ ಅವಧಿಯನ್ನು ಮೊದಲಿಗೆ ಆ ವರ್ಷದ ಕೊನೆಯ ತನಕ ಇಟ್ಟಿದ್ದರು. ಅನಂತರ ಹಲವು ಸಲ ಮುಂದುವರಿಸಿ 1979ರ ಜೂನ್ 30ಕ್ಕೆ ಮುಗಿಸಿದರು. ಧಣಿಯ ಭಯದಿಂದ, ಋಣದ ಭಾರದಿಂದ, ಅಕ್ಷರ ತಿಳಿಯದುದರಿಂದ ಮೊದಲ ವರ್ಷ ಅರ್ಜಿ ಹಾಕದವರಿಗೆ ಈ ಮುಂದುವರಿಕೆಯೇ ಜೀವದಾನವಾಯಿತು.

ವಕೀಲರಿಲ್ಲದ ನ್ಯಾಯ

ಈ ಅರ್ಜಿಗಳನ್ನು ಯಾರು ವಿಚಾರಿಸಬೇಕು? ಸಿವಿಲ್ ನ್ಯಾಯಾಲಯಕ್ಕೆ ಕಳಿಸಿದರೆ ಮೊಮ್ಮಕ್ಕಳ ಕಾಲಕ್ಕೂ ತೀರ್ಪು ಬಾರದು. ತಾಲೂಕಿಗೊಂದು ಭೂ ನ್ಯಾಯಮಂಡಳಿಯನ್ನು ಸರಕಾರ ರಚಿಸಿತು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷ. ಸರಕಾರ ನೇಮಿಸಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಅಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಒಡೆಯ ಮತ್ತು ಒಕ್ಕಲು ಇಬ್ಬರೂ ತಮ್ಮ ಮಾತನ್ನು ತಾವೇ ಹೇಳಬೇಕು. ಅಕ್ಕಪಕ್ಕದ ಗದ್ದೆಯವರ ಸಾಕ್ಷಿ ಕೇಳುತ್ತಿದ್ದರು. ಬೇಕಾದಲ್ಲಿ ಸ್ಥಳಕ್ಕೆ ಹೋಗಿ ನೋಡುತ್ತಿದ್ದರು. ಕಾಗದವಿಲ್ಲದವನಿಗೆ ನೆರೆಯವನ ಬಾಯಿಯೇ ದಾಖಲೆಯಾಯಿತು.

ಪ್ರಿಯ ಓದುಗರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿರಿ. ನೆರೆಯವನ ಸಾಕ್ಷ್ಯದಿಂದ ಒಂದು ಸಂಸಾರದ ಹಣೆಬರಹ ತೀರ್ಮಾನವಾಗುತ್ತದೆ. ಒಂದು ಕಡೆ ಊರಿನ ಧಣಿ, ನಾಳೆ ಸಾಲ ಕೊಡಬೇಕಾದವನು. ಇನ್ನೊಂದು ಕಡೆ ಹರಕು ಅಂಗಿಯ ಒಕ್ಕಲು. ಸತ್ಯ ಹೇಳಿದರೆ ನಷ್ಟ, ಸುಳ್ಳು ಹೇಳಿದರೆ ಲಾಭ. ಸ್ವಂತಕ್ಕೆ ಅಥವಾ ಸ್ವಂತ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಖುರ್‌ಆನ್ ಕಲಿಸುವುದು ಇಂಥ ಗಳಿಗೆಗಾಗಿಯೇ. ಅಂದು ಧಣಿಯ ಮುಖ ನೋಡದೆ ನಿಜ ಹೇಳಿದವರು ಎಲ್ಲ ಜಾತಿ, ಎಲ್ಲ ಮತಗಳಲ್ಲೂ ಇದ್ದರು.

ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಅಂತಿಮವಾಗಿ 5 ಲಕ್ಷಕ್ಕೆ ಸಮೀಪದಷ್ಟು ಗೇಣಿದಾರರಿಗೆ ಹಕ್ಕು ದೊರೆಯಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳು ಇದರಲ್ಲಿ ಮುಂದಿದ್ದವು. ಮಠ, ದೇವಸ್ಥಾನ, ವಕ್ಫ್ ಜಮೀನುಗಳ ಗೇಣಿದಾರರೂ ಅರ್ಜಿದಾರರಲ್ಲಿದ್ದರು. ಪಕ್ಕದ ಕೇರಳದಲ್ಲಿ, ಕನ್ನಡ ಮಾತಾಡುವ ಕಾಸರಗೋಡಿನ ಹಳ್ಳಿಗಳೂ ಸೇರಿದಂತೆ, 1970ರ ಜನವರಿ 1ರಂದೇ ಗೇಣಿ ಪದ್ಧತಿ ರದ್ದಾಗಿತ್ತು. ಅಲ್ಲಿ ಬಲಿಷ್ಠ ರೈತ ಚಳವಳಿ ಬೆನ್ನಿಗಿತ್ತು. ಇಲ್ಲಿ ಅಷ್ಟು ವ್ಯಾಪಕವಾದ ಚಳವಳಿ ಇಲ್ಲದೆಯೂ ಇದನ್ನು ಸಾಧಿಸಿದ್ದು ಅರಸು ಅವರ ಹಟ.

ಅವರು ಇಷ್ಟಕ್ಕೇ ನಿಲ್ಲಲಿಲ್ಲ. 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು. 1975ರಲ್ಲಿ ಅದರ ವರದಿ ಬಂತು. 1976ರಲ್ಲಿ ಋಣ ಪರಿಹಾರ ಕಾಯಿದೆ ಬಡವರ ಹಳೆಯ ಸಾಲಗಳನ್ನು ಅಳಿಸಿತು. ಅದೇ ಕಾಲದಲ್ಲಿ ದೇಶದ ಕಾಯಿದೆಯಿಂದ ಜೀತ ಪದ್ಧತಿ ನಿಷೇಧವಾದಾಗ ಅದನ್ನು ಹಳ್ಳಿಗಳಲ್ಲಿ ಜಾರಿಗೊಳಿಸುವ ಕೆಲಸ ಇಲ್ಲಿ ನಡೆಯಿತು.

ಕೊಟ್ಟ ಭೂಮಿ ಕೈತಪ್ಪದಂತೆ

ಇನ್ನೊಂದು ಕಾಯಿದೆಯನ್ನು ವಿಶೇಷವಾಗಿ ನೆನೆಯಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ದರಖಾಸ್ತು ಮೂಲಕ ಆಗಾಗ ಜಮೀನು ಕೊಡುತ್ತಿತ್ತು. ಆದರೆ ಹತ್ತು ವರ್ಷ ಕಳೆದು ನೋಡಿದರೆ ಆ ಜಮೀನು ಬೇರೆಯವರ ಬೇಲಿಯೊಳಗೆ ಇರುತ್ತಿತ್ತು. ಮಗಳ ಮದುವೆಗೆ, ಕಾಯಿಲೆಗೆ, ಒಮ್ಮೊಮ್ಮೆ ಒಂದು ಮೂಟೆ ರಾಗಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಭೂಮಿ ಬರೆಸಿಕೊಳ್ಳುವವರು ಪ್ರತಿ ಊರಿನಲ್ಲೂ ಇದ್ದರು. 1978ರಲ್ಲಿ ಮಾಡಿದ ಕಾಯಿದೆ 1979ರ ಜನವರಿ 1ರಿಂದ ಜಾರಿಗೆ ಬಂತು. ಷರತ್ತು ಮುರಿದು ನಡೆದ ಇಂಥ ಮಾರಾಟಗಳು ಅಸಿಂಧುವಾಗಿ, ಭೂಮಿ ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಬೇಕೆಂದು ಅದು ವಿಧಿಸಿತು. ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. ಮುಂದೆ ತಡವಾಗಿ ಬಂದ ಅರ್ಜಿಗಳನ್ನು ನ್ಯಾಯಾಲಯಗಳು ತಳ್ಳಿಹಾಕತೊಡಗಿದಾಗ, ಅರ್ಜಿಗೆ ಕಾಲಮಿತಿಯಿಲ್ಲವೆಂದು 2023ರಲ್ಲಿ ರಾಜ್ಯ ತಿದ್ದುಪಡಿ ತಂದಿತು.

ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದರೂ ಪರಲೋಕದಲ್ಲಿ ಅದರ ಭಾರ ಹೊರಬೇಕಾಗುತ್ತದೆಂದು ಪ್ರವಾದಿ ಮುಹಮ್ಮದ್(ಸ) ಎಚ್ಚರಿಸಿದ್ದಾರೆ. ಈ ಎಚ್ಚರಿಕೆಯಲ್ಲಿ ಕಬಳಿಸಿದವನ ಮತವನ್ನೂ ಕಳೆದುಕೊಂಡವನ ಜಾತಿಯನ್ನೂ ಹೇಳಿಲ್ಲ ಎಂಬುದನ್ನು ಗಮನಿಸಿರಿ. ದಲಿತನ ಹೆಬ್ಬೆಟ್ಟಿನಿಂದ ಅಗ್ಗಕ್ಕೆ ಪಡೆದ ಜಮೀನು ನಮ್ಮವರ ಕೈಯಲ್ಲಿದ್ದರೆ ಅದೂ ಆ ಲೆಕ್ಕಕ್ಕೆ ಸೇರುತ್ತದೆ.

ಮಸುಕಾದ ಪುಟಗಳು

ವ್ಯಕ್ತಿಯೊಬ್ಬರ ಚರಿತ್ರೆ ಬರೆಯುವಾಗ ಒಳಿತನ್ನು ಮಾತ್ರ ಹೇಳಿ ಉಳಿದುದನ್ನು ಮುಚ್ಚಿಡುವುದು ನ್ಯಾಯವಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಅರಸು ಅದನ್ನು ಹೇರಿದ ಪಕ್ಷದ ಮುಖ್ಯಮಂತ್ರಿಯಾಗಿದ್ದರು. ಅವರ ಆಡಳಿತದಲ್ಲೇ ವಿರೋಧ ಪಕ್ಷದವರು ಸೆರೆಮನೆ ಸೇರಿದರು. ಹರದನಹಳ್ಳಿಯ ಆ ರೈತನ ಮಗನೂ ಬೆಂಗಳೂರಿನ ಜೈಲಿನಲ್ಲಿ ದಿನ ಕಳೆದರು. 1977ರಲ್ಲಿ ಕೇಂದ್ರದ ಜನತಾ ಸರಕಾರ ಅರಸು ಅವರ ಮೇಲಿನ ಆರೋಪಗಳ ತನಿಖೆಗೆ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. ಸ್ವಜನಪಕ್ಷಪಾತದ ಕೆಲವು ಆರೋಪಗಳು ನಿಜವೆಂದು ಆಯೋಗ ಕಂಡಿತು. ಬಡವನ ಪರವಾಗಿ ಕಾಯಿದೆ ಮಾಡಿದವರು ಆ ಕಳಂಕದಿಂದ ದೂರವಿರಬೇಕಿತ್ತು.

ಆದರೂ 1978ರ ಚುನಾವಣೆಯಲ್ಲಿ ಜನರು ಅವರನ್ನು ಮತ್ತೆ ಗೆಲ್ಲಿಸಿದರು. ಆ ವರ್ಷ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದಾಗ ಬೆಂಬಲವಾಗಿ ನಿಂತವರೂ ಅರಸು. ಒಂದು ವರ್ಷದೊಳಗೆ ಇಬ್ಬರ ನಡುವೆ ಬಿರುಕು ಬಿಟ್ಟಿತು. 1979ರಲ್ಲಿ ಅವರು ಪಕ್ಷದಿಂದ ಹೊರಗಾದರು. 1980ರ ಜನವರಿಯ ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಕೂಡಲೇ ಜತೆಗಿದ್ದ ಶಾಸಕರು ಬಿಟ್ಟುಹೋದರು, ಅಧಿಕಾರವೂ ಹೋಯಿತು. ಕ್ರಾಂತಿರಂಗವೆಂಬ ಹೊಸ ಪಕ್ಷ ಕಟ್ಟುತ್ತಿದ್ದಾಗಲೇ 1982ರ ಜೂನ್ 6ರಂದು ನಿಧನರಾದರು. ಆಗ ಅವರಿಗೆ 66 ವರ್ಷ.

ಉಳುವವಳು ಎಲ್ಲಿ ಹೋದಳು?

ಅವರ ಕಾಯಿದೆಗೂ ಮಿತಿಗಳಿದ್ದವು. ಗೇಣಿದಾರನಿಗೆ ಅದು ಭೂಮಿ ಕೊಟ್ಟಿತು. ಗೇಣಿದಾರನ ಗದ್ದೆಯಲ್ಲಿ ಕೂಲಿಗೆ ದುಡಿಯುತ್ತಿದ್ದವನಿಗೆ ಕೊಡಲಿಲ್ಲ. ಕೂಲಿಯವರಲ್ಲಿ ಹೆಚ್ಚಿನವರು ದಲಿತರು. ಭೂಮಿತಿಯಿಂದ ದೊರೆಯಬೇಕಾಗಿದ್ದ ಹೆಚ್ಚುವರಿ ಜಮೀನು ನಿರೀಕ್ಷಿಸಿದಷ್ಟು ದೊರೆಯಲಿಲ್ಲ. ಗಂಡ ಸತ್ತ ಮೇಲೆ ಉಳುವ ಕೈ ಇಲ್ಲದೆ ಎರಡು ಎಕರೆಯನ್ನು ಗೇಣಿಗೆ ಕೊಟ್ಟಿದ್ದ ವಿಧವೆಯೂ ಕಾಯಿದೆಯ ಕಣ್ಣಿಗೆ ಒಡತಿಯೇ ಆಗಿ, ನೆಲ ಕಳೆದುಕೊಂಡಳು.

ಅದಕ್ಕಿಂತ ದೊಡ್ಡ ಕೊರತೆಯೊಂದು ಆ ಕಾಲದ ಘೋಷಣೆಯಲ್ಲೇ ಅಡಗಿತ್ತು. ಉಳುವವನೇ ಹೊಲದೊಡೆಯ ಎಂದು ಊರೂರಿನಲ್ಲಿ ಕೂಗಿದರು. ಉಳುವವಳು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಂಗಸು ನೇಗಿಲು ಮುಟ್ಟುವುದಿಲ್ಲ ನಿಜ. ಆದರೆ ನಾಟಿ ಯಾರದು? ಕಳೆ ಕೀಳುವವರು ಯಾರು? ಕೊಯ್ಲು, ಕಣ, ತೂರುವುದು, ದನಕರುಗಳ ಚಾಕರಿ ಯಾರ ಪಾಲಿಗೆ? ಅಷ್ಟೆಲ್ಲ ಇದ್ದರೂ ಏಳನೇ ನಂಬರ್ ಫಾರಂ ಮನೆಯ ಯಜಮಾನನ ಹೆಸರಿನಲ್ಲೇ ಹೋಯಿತು. ಹಕ್ಕುಪತ್ರವೂ ಸಾಮಾನ್ಯವಾಗಿ ಅವನ ಹೆಸರಿನಲ್ಲೇ ಬಂತು. ಕಾಯಿದೆ ಹೇಳುವ ಕುಟುಂಬದ ಅರ್ಥವನ್ನೇ ನೋಡಿರಿ. ಗಂಡ, ಹೆಂಡತಿ, ಅಪ್ರಾಪ್ತ ಗಂಡುಮಕ್ಕಳು ಮತ್ತು ಮದುವೆಯಾಗದ ಹೆಣ್ಣುಮಕ್ಕಳು. ಮಗ ಪ್ರಾಪ್ತ ವಯಸ್ಕನಾದರೆ ತಂದೆಯ ಲೆಕ್ಕದಿಂದ ಹೊರಬಂದು ಬೇರೆ ವ್ಯಕ್ತಿಯಾಗುತ್ತಾನೆ. ಮಗಳಿಗೆ ಎಷ್ಟೇ ವಯಸ್ಸಾದರೂ ಮದುವೆಯಾಗುವವರೆಗೆ ತಂದೆಯ ಲೆಕ್ಕದಲ್ಲೇ ಇರಬೇಕು. ಮೂವರು ಹೆಣ್ಣುಮಕ್ಕಳ ತಂದೆಯಾಗಿದ್ದ ಅರಸು ಅವರ ಆಡಳಿತದಲ್ಲೂ ಈ ಭೇದ ಹಾಗೆಯೇ ಉಳಿಯಿತು. ಅದು ಅಂದಿನ ಸಮಾಜದ ಕಣ್ಣಿನ ದೋಷ.

ಅನಂತರ ಕೆಲವು ಬಾಗಿಲುಗಳು ತೆರೆದವು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ಮಾಡಿತು. ಕೇಂದ್ರ 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸಿತು. ತಂದೆ ಅಂದು ಬದುಕಿರಲಿ, ಇಲ್ಲದಿರಲಿ, ಮಗಳಿಗೆ ಈ ಹಕ್ಕಿದೆಯೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಮಹಿಳೆಯರು ನಡೆಸುತ್ತಿದ್ದವು ನೂರಕ್ಕೆ ಸುಮಾರು 14 ಮಾತ್ರ.

ನಮ್ಮ ಮನೆಯ ನ್ಯಾಯಮಂಡಳಿ

ಈಗ ನಮ್ಮ ಕಡೆಗೆ ತಿರುಗೋಣ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ) ಅವರ ವಿಷಯ ನೀವು ಕೇಳಿರುತ್ತೀರಿ. ಅವರ ಸೋದರ ಅಂದಿನ ಪದ್ಧತಿಯಂತೆ ಆಸ್ತಿಯನ್ನೆಲ್ಲ ತಾನೇ ತೆಗೆದುಕೊಂಡ. ವಿಧವೆಯು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದು ದೂರಿಕೊಂಡರು. ವಾರಸಿನ ಪಾಲುಗಳನ್ನು ನಿಗದಿಪಡಿಸುವ ಅನ್ನಿಸಾ ಅಧ್ಯಾಯದ ಆದೇಶ ಬಂದದ್ದು ಈ ಸಂದರ್ಭದಲ್ಲೆಂದು ವರದಿಯಿದೆ. ಸೋದರನನ್ನು ಕರೆಸಿ, ಮೂರರಲ್ಲಿ ಎರಡು ಪಾಲು ಹೆಣ್ಣುಮಕ್ಕಳಿಗೆ, ಎಂಟರಲ್ಲಿ ಒಂದು ವಿಧವೆಗೆ, ಉಳಿದುದು ಅವನಿಗೆ ಎಂದು ತೀರ್ಮಾನವಾಯಿತು. ಒಬ್ಬ ಹೆಂಗಸಿನ ದೂರಿಗೆ ಸಿಕ್ಕಿದ ಉತ್ತರ ಎಲ್ಲ ಕಾಲಕ್ಕೂ ಕಾಯಿದೆಯಾಯಿತು.

ಲೆಕ್ಕ ಕಷ್ಟವೇನಲ್ಲ. ಒಬ್ಬ ತಂದೆ ತೀರಿಕೊಂಡನೆಂದುಕೊಳ್ಳಿರಿ. ಅವನ ತಂದೆತಾಯಿ ಬದುಕಿಲ್ಲ. ಸಾಲ ಮತ್ತು ವಸಿಯ್ಯತ್ ತೀರಿಸಿದ ಮೇಲೆ 8 ಎಕರೆ ಉಳಿದಿದೆ. ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಹೆಂಡತಿಗೆ 1 ಎಕರೆ. ಉಳಿದ 7ರಲ್ಲಿ ಗಂಡುಮಕ್ಕಳಿಗೆ ತಲಾ 2, ಮಗಳಿಗೆ 1. ಸೋದರನ ಪಾಲಿನ ಅರ್ಧದಷ್ಟು ಈ ಪಾಲು. ಆ ಒಂದು ಎಕರೆಯಾದರೂ ನಮ್ಮ ಎಷ್ಟು ಮನೆಗಳಲ್ಲಿ ಮಗಳ ಕೈಸೇರಿದೆ?

ನಡೆಯುತ್ತಿರುವುದು ನಿಮಗೆ ಗೊತ್ತು. ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬೇಕು. ಬರೆಸುವಾಗ ಗಂಡುಮಕ್ಕಳ ಹೆಸರು ಸಾಲಾಗಿ ಬರುತ್ತದೆ. ಮದುವೆಯಾಗಿ ಹೋದ ಮಗಳ ಹೆಸರು ಮರೆತುಹೋಗುತ್ತದೆ. ಹೆಸರು ಬಂದರೂ ಒಂದು ದಿನ ಆಕೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಒಂದು ಜೊತೆ ಬಟ್ಟೆ, ಒಂದು ಹೊತ್ತಿನ ಬಿರಿಯಾನಿ; ಅಲ್ಲಿಗೆ ತಂದೆಯ ಮನೆಯ ಲೆಕ್ಕ ಚುಕ್ತಾ. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ಮಾತು ಬೇರೆ. ಮದುವೆಯ ಖರ್ಚನ್ನು ವಾರಸಿನ ಪಾಲಿನಿಂದ ಕಳೆಯಲು ಯಾವ ಆಯತ್ ಅನುಮತಿ ಕೊಟ್ಟಿದೆ? ಆಕೆ ಒಪ್ಪಿ ಬಿಟ್ಟುಕೊಟ್ಟಳೆಂದು ಕೆಲವರು ಹೇಳಬಹುದು. ಪಾಲು ಮೊದಲು ಆಕೆಯ ಹೆಸರಿಗೆ ಬರಲಿ. ಅನಂತರ ಯಾರ ಮುಲಾಜೂ ಇಲ್ಲದೆ ಆಕೆ ಕೊಟ್ಟರೆ ಅದು ದಾನ. ತವರಿನ ಬಾಗಿಲು ಮುಚ್ಚಬಹುದೆಂಬ ಭಯದಿಂದ ಹಾಕಿದ ಸಹಿಯನ್ನು ದಾನವೆನ್ನಲಾಗದು.

ಕಾನೂನಿನ ಒಂದು ಸಂದೂ ಇದೆ. 1937ರ ಶರೀಅತ್ ಅನ್ವಯ ಕಾಯಿದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇದನ್ನು ಹಿಡಿದುಕೊಂಡು, ಮನೆಯಲ್ಲಿ ಮಗಳಿಗೆ ಪಾಲಿದೆ, ಹೊಲದಲ್ಲಿ ಇಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಅಲ್ಲಾಹನ ಆದೇಶದಲ್ಲಿ ಹೊಲಕ್ಕೊಂದು, ಮನೆಗೊಂದು ವಿಧಿ ಇಲ್ಲ. ಆಸ್ತಿ ಕಡಿಮೆಯಿರಲಿ, ಹೆಚ್ಚಿರಲಿ, ಪಾಲು ನಿಶ್ಚಿತವೆಂದು ಅದು ಸ್ಪಷ್ಟಪಡಿಸಿದೆ. ನಮಾಝ್‌ಗೆ, ಉಪವಾಸಕ್ಕೆ ಸರಕಾರದ ಕಾಯಿದೆಗಾಗಿ ಕಾಯದವರು ಸಹೋದರಿಯ ಪಾಲಿಗೆ ಮಾತ್ರ ಏಕೆ ಕಾಯುತ್ತಾರೆ?

ಅರಸು ಅವರ ಬದುಕಿನಿಂದ ಕಲಿಯಬೇಕಾದುದು ಇಲ್ಲಿದೆ. ಭೂಮಿಯ ಅನ್ಯಾಯ ಬಹಳ ಹಳೆಯದಾದರೆ ಪದ್ಧತಿ ಎಂಬ ಹೆಸರು ಪಡೆಯುತ್ತದೆ; ಒಡೆಯನಿಗೂ ಒಕ್ಕಲಿಗೂ ಅದು ಸಹಜವೆನಿಸಿಬಿಡುತ್ತದೆ. ಅದನ್ನು ಅನ್ಯಾಯವೆಂದು ಕರೆದು, ದಿನಾಂಕ ಗೊತ್ತುಮಾಡಿ ಮುಗಿಸಲು ಒಬ್ಬರು ಬೇಕಾಗುತ್ತದೆ. ಅವರು 1974ರ ಮಾರ್ಚ್ 1 ಎಂದು ಗೊತ್ತುಮಾಡಿದರು. 2020ರಲ್ಲಿ ಅದೇ ಕಾಯಿದೆಯ ಕೆಲವು ಕಲಮುಗಳನ್ನು ತೆಗೆದು, ಬೇಸಾಯಗಾರರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದು ಸರಕಾರ ಬದಲಾಯಿಸಿತು. ಸರಕಾರಗಳು ಕೊಟ್ಟದ್ದನ್ನು ಸರಕಾರಗಳು ಬದಲಿಸಬಲ್ಲವು. ಅನ್ನಿಸಾ ಅಧ್ಯಾಯದ ಪಾಲುಗಳನ್ನು ಬದಲಿಸುವ ಅಧಿಕಾರ ಯಾವ ಅಣ್ಣನಿಗೂ ಇಲ್ಲ.

ನಿಮ್ಮ ತಂದೆಯೋ ಅಜ್ಜನೋ ಗೇಣಿದಾರರಾಗಿದ್ದರೆ ಆ ಹಕ್ಕುಪತ್ರವನ್ನು ತೆಗೆದು ನೋಡಿರಿ. ಅಂದು ಧಣಿಯ ಮನೆಯ ಜಗಲಿಯ ಕೆಳಗೆ ಟವೆಲು ಬಿಚ್ಚಿ ನಿಂತವರ ಮಕ್ಕಳು ನಾವು. ಇಂದು ನಮ್ಮ ಜಗಲಿಯ ಮೇಲೆ, ಪಾಲು ಕೇಳಲು ಬಾಯಿ ಬಾರದೆ ನಿಂತಿರುವವಳು ನಮ್ಮ ಅಕ್ಕ ಅಥವಾ ತಂಗಿ. ತಾಲೂಕಿನ ನ್ಯಾಯಮಂಡಳಿಗೆ ಈ ಅರ್ಜಿ ಹೋಗುವುದಿಲ್ಲ. ನಮ್ಮ ಮನೆಯಲ್ಲೇ ತೀರ್ಮಾನವಾಗಬೇಕು. ಸಹೋದರಿಯರನ್ನು ಈ ತಿಂಗಳೇ ಕರೆಯಿರಿ, ಲೆಕ್ಕ ಮುಂದಿಡಿರಿ, ಕೊಡಬೇಕಾದುದನ್ನು ಅವರ ಹೆಸರಿಗೆ ಬರೆಸಿರಿ. ಕೊಟ್ಟುಬಿಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.